ಟಾರ್ಚ್ ಹಿಡಿಯುವ ಸರದಿ

ಸುತ್ತ ಮರಾಠಿಯೇ ಕೇಳಿಸುವ ಕಾತ್ರಜದ ವಸತಿ ಸೊಸೈಟಿಯ ಬೇಸ್‌ಮೆಂಟಿನಲ್ಲಿ ಸ್ಕೂಟಿ ತೆಗೆಯುತ್ತಿದ್ದ ಇಂಪನಾ, ಕನ್ನಡ ಕಿವಿಗೆ ಬಿದ್ದದ್ದೇ ಕೀಲಿ ಹುಡುಕುವವಳಂತೆ ಅಲ್ಲೇ ನಿಂತಳು. ಪಕ್ಕದ ಕಂಬದ ಬಳಿ ಪ್ರಲ್ಹಾದರಾಯರು ಹೆಂಡತಿ ನರ್ಮದಾಳ ಮೇಲೆ ಮುಖ ಊದಿಸಿಕೊಂಡಿದ್ದರು.

"ಬಾಜೂಮನಿ ಗೋಖಲೆಯವರ ಹಳೇ ಗಾಡೀದು ಸ್ಟಾರ್ಟರ್ ಹೋಗ್ಯದ ಅಂತ ನಾ ಹೇಳಿದ್ದೆ. ನಡುವ ನೀ ಯಾಕ ಬಾಯಿ ಹಾಕಿದಿ?"

"ಕೀಲಿ ತಿರುವಿದ್ರ ಲೈಟು ಮಂದ ಆಗ್ತಿತ್ರಿ. ಬ್ಯಾಟರಿ ಟರ್ಮಿನಲ್ ಮ್ಯಾಲೆ ಬಿಳಿ ಪುಡಿ ಕೂತಿತ್ತು. ತಿಕ್ಕಿ ಬಿಗಿ ಮಾಡಿದೆ, ಚಾಲೂ ಆತು."

"ಇಪ್ಪತ್ತು ವರ್ಷ ಎಲ್ಲಾರೂ ನನ್ನ ಕರೀತಿದ್ರು. ಈಗ ನೀ ಎಲ್ಲಾರ ಅತ್ತಿಗಿ ಆಗಿ, ನರ್ಮದಾ ವೈನೀನ ಬೇಕಂತ!"

"ಹೊಟ್ಟಿ ಉರೀತದೇನ್ರಿ?"

"ನನಗ್ಯಾಕ ಉರೀತದ? ಎಲ್ಲಿ ಕಲ್ತಿ, ಅದನ್ನ ಹೇಳು."

"ನಿಮ್ಮ ಕಡೇನ. ನೀವು ಬಾನೆಟ್ ಎತ್ತಿದಾಗೆಲ್ಲಾ ಟಾರ್ಚ್ ಹಿಡದಾಕಿ ಯಾರು?"

ಅಷ್ಟರಲ್ಲಿ ಆ ತುದಿಯಿಂದ ಯಾರೋ, ತಮ್ಮ ಕಾರೂ ಚಾಲೂ ಆಗುತ್ತಿಲ್ಲ, ವೈನಿ ಬಂದು ನೋಡಬೇಕು ಎಂದು ಮರಾಠಿಯಲ್ಲಿ ಕೂಗಿದರು.

ನರ್ಮದಾ ಗಂಡನತ್ತ ಟಾರ್ಚ್ ಚಾಚಿದಳು. "ಬರ್ತೀರೇನು?"

ರಾಯರು ಅದನ್ನು ಕಸಿದುಕೊಂಡರು.

"ಬರ್ತೀನಿ. ಆದ್ರ ಏನ್ ಕೆಟ್ಟದ ಅಂತ ಮದಲ ನಾನ ಹೇಳಾಂವ," ಎನ್ನುತ್ತ ಅವಳ ಹಿಂದೆ ನಡೆದರು.