ಬೀಗ ಹಾಕಿದ್ದ ದೋಣಿ ಮುಳುಗಿದ ಬಗ್ಗೆ ಎರಡನೇ ಹೇಳಿಕೆ

ಹೆಸರು ಮೊದಲ ಹೇಳಿಕೆಯಲ್ಲಿ ಇರುವುದೇ. ಎಲ್ಲರೂ ಕರೆಯುವುದು ಬೀಗದಣ್ಣ ಎಂದು. ವಯಸ್ಸು ನಲವತ್ತೊಂಬತ್ತು. ಕಸುಬು ಬೀಗ ರಿಪೇರಿ, ನಕಲಿ ಕೀ ಮಾಡುವುದು. ಮನೆಯವರೇ ಬಂದು ಕೇಳಿದರೆ ಮಾತ್ರ. ಓದು ನಾಲ್ಕನೇ ಕ್ಲಾಸು. ವಾಸ ಬಸ್ ನಿಲ್ದಾಣದ ಹಿಂದಿನ ಬೀದಿ, ಅಂಗಡಿಯ ಮೇಲಿನ ಮನೆ. ನಾನು ಹೇಳಿ ಬರೆಸುವುದೇನೆಂದರೆ:

ದೋಣಿಯೊಳಗೆ ಸಿಕ್ಕ ಆ ಹದಿನಾಲ್ಕು ಕಲ್ಲುಗಳ ವಿಚಾರದಲ್ಲಿ ತಪ್ಪು ನನ್ನದು. ದೋಣಿ ಮಾರಿದ ಅಜ್ಜನೇ ದ್ವೇಷದಿಂದ ಅದನ್ನು ಮುಳುಗಿಸಿದ್ದಾರೆ ಎಂದು ಗುರುವಾರ ಠಾಣೆಯ ಇದೇ ಮೇಜಿನ ಮುಂದೆ ಕೂತು ಬರೆಸಿದವನು ನಾನು. ಆ ಅಜ್ಜ ಈಗ ಎದುರಿನ ಬೆಂಚಿನ ಮೇಲೆ ಕೂತಿದ್ದಾರೆ. ದೂರು ವಾಪಸ್ ತಗೊಂಡು ಅವರನ್ನು ಮನೆಗೆ ಕಳಿಸಿಕೊಡಿ ಎಂದು ಕೇಳುವುದಕ್ಕೆ ಬಂದಿದ್ದೇನೆ.

ಹೋದ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ನಾನೂ ನನ್ನ ಹೆಂಡತಿಯೂ ಅಜ್ಜನ ಮನೆಗೆ ದೋಣಿ ನೋಡಲು ಹೋದೆವು. ಹೆಂಡತಿಯ ಅಕ್ಕನ ಮನೆ ಹೊಳೆಯ ಆಚೆ ದಡದಲ್ಲಿದೆ. ಸೇತುವೆ ಸುತ್ತಿ ಹೋದರೆ ಹನ್ನೊಂದು ಕಿಲೋಮೀಟರ್, ನೀರಿನ ಮೇಲೆ ಆರುನೂರು ಮೀಟರ್. ಅಕ್ಕನಿಗೆ ಸೊಂಟದ ಆಪರೇಷನ್ ಆದಾಗಿನಿಂದ ಇವಳು ದಿನಾ ಎರಡು ಬಸ್ ಬದಲಾಯಿಸಿ ಹೋಗಿ ಬರುತ್ತಾಳೆ. ಬಂದವಳು ಮೆಟ್ಟಿಲ ಮೇಲೆ ಕೂತು ಕಾಲು ಒತ್ತಿಕೊಳ್ಳುವುದನ್ನು ನಾನು ಅಂಗಡಿಯಿಂದ ನೋಡುತ್ತಿರುತ್ತೇನೆ.

ದೋಣಿ ಮರದ್ದು. ತಗಡಿನ ಶೆಡ್ಡಿನಲ್ಲಿ ಮಗುಚಿ ಇಟ್ಟಿತ್ತು. ಅಜ್ಜನ ಮಂಡಿ ಕೆಟ್ಟಿದ್ದರಿಂದ ಎಂಟು ತಿಂಗಳಿಂದ ನೀರಿಗಿಳಿದಿರಲಿಲ್ಲ. ನಾನು ಮಾಡಿದ ಪರೀಕ್ಷೆ ಇಷ್ಟು: ಕೀ ಗೊಂಚಲಿನಿಂದ ಹಲಗೆಯನ್ನು ಆರು ಕಡೆ ತಟ್ಟಿದೆ, ಹೆಂಡತಿ ಮೆಚ್ಚಿದ ಹೊಸ ನೀಲಿ ಬಣ್ಣವನ್ನು ನಾನೂ ಹೊಗಳಿದೆ. ನೀರಿಗೆ ಬಿಟ್ಟು ನೋಡಲಿಲ್ಲ. ಇಪ್ಪತ್ತು ನಿಮಿಷದಲ್ಲಿ ವ್ಯಾಪಾರ ಮುಗಿಯಿತು. ಅಷ್ಟರಲ್ಲಿ ಅಜ್ಜ, ನೋಡಪ್ಪಾ, ಇದನ್ನ ಓಡಿಸೋ ಮುಂಚೆ ಎಂದು ಮೂರು ಸಲ ಬಾಯಿ ತೆರೆದದ್ದು ನಿಜ. ಮೂರು ಸಲವೂ ಮಾತಾಡಿದ್ದು ನಾನು. ಮೊದಲ ಸಲ, ಓಡಿಸೋ ಮುಂಚೆ ಹೆಂಡ್ತಿ ಪರ್ಮಿಷನ್ ತಗೋತೀನಿ ಬಿಡಿ ಅಜ್ಜ ಎಂದೆ. ಎರಡನೇ ಸಲ ಇದಕ್ಕೆ ಹಾರ್ನ್ ಎಲ್ಲಿದೆ ಎಂದು ಕೇಳಿದೆ. ಮೂರನೆಯದು ನೆನಪಿಲ್ಲ, ಅದಕ್ಕೂ ನಾನೊಬ್ಬನೇ ನಕ್ಕಿದ್ದು. ಅವರು ಏನೋ ಹೇಳ್ತಿದಾರೆ, ಸ್ವಲ್ಪ ಬಾಯಿಗೂ ಬೀಗ ಹಾಕ್ರೀ ಎಂದು ಹೆಂಡತಿ ಅಂದಿದ್ದಳು.

ಬುಧವಾರ ಸಂಜೆ ಐದಕ್ಕೆ ದೋಣಿಯನ್ನು ಹೊಳೆಗೆ ಇಳಿಸಿ ಇಬ್ಬರೂ ಹತ್ತಿದೆವು. ದಡದಿಂದ ಮೂವತ್ತು ಅಡಿ ಹೋಗುವಷ್ಟರಲ್ಲಿ ಎಲ್ಲ ಹಲಗೆಗಳ ಸಂದಿಯಿಂದಲೂ ನೀರು ಬಂತು. ಆರು ನಿಮಿಷದಲ್ಲಿ ಪಾದ ಮುಳುಗಿತು. ಹೆಂಡತಿ ಅಕ್ಕನಿಗೆ ತಂದಿದ್ದ ಊಟವನ್ನು ಹೊಳೆಗೆ ಸುರಿದು, ಅದೇ ಡಬ್ಬಿಯಿಂದ ನೀರು ಮೊಗೆದು ಚೆಲ್ಲಿದಳು. ಮೀನುಗಳಿಗೆ ಇವತ್ತು ನಮ್ಮನೆ ಊಟ ಎಂದಳು. ಹೇಗೋ ತಿರುಗಿಸಿ ತಂದು, ದೋಣಿಯನ್ನು ಅರ್ಧ ದಡದಲ್ಲಿ ಅರ್ಧ ನೀರಲ್ಲಿ ಬಿಟ್ಟು, ಹನ್ನೆರಡು ಅಡಿ ಸರಪಳಿಯಿಂದ ಕಬ್ಬಿಣದ ಕಂಬಕ್ಕೆ ಕಟ್ಟಿದೆ. ಹಾಕಿದ್ದು ನನ್ನ ಅಂಗಡಿಯ ಅತಿ ಗಟ್ಟಿ ಬೀಗ.

ಅಂದು ಏಳು ಗಂಟೆಗೆ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ, ಅಜ್ಜ ನಂಗೆ ದೋಣಿ ಅಂತ ಜರಡಿ ಮಾರಿದಾರೆ ಎಂದು ಹೇಳಿ ನಗಿಸಿದೆ. ಆ ಮಾತು ಅಜ್ಜನ ಕಿವಿಗೆ ಬಿತ್ತು.

ಗುರುವಾರ ಬೆಳಿಗ್ಗೆ 7.10ಕ್ಕೆ ನೋಡಿದರೆ ದೋಣಿ ಸರಪಳಿ ಎಟುಕುವಷ್ಟು ದೂರದಲ್ಲಿ, ಮಂಡಿಯುದ್ದ ನೀರಿನ ತಳದಲ್ಲಿತ್ತು. ಒಳಗೆ ಹದಿನಾಲ್ಕು ಕಲ್ಲು. ಬೀಗ ಮಾತ್ರ ಹಾಕಿದ್ದು ಹಾಕಿದ ಹಾಗೇ ಇತ್ತು. ಆರು ಗಂಟೆಗೆ ಅಜ್ಜ ಕುಂಟುತ್ತಾ ಒಂದೊಂದೇ ಕಲ್ಲು ಹೊತ್ತು ತಂದದ್ದನ್ನು ಬಲೆ ಹೊಲಿಯುವಾಕೆ ನೋಡಿದ್ದಳು. ಪ್ರತಿ ಕಲ್ಲಿಗೂ ಗೋಣಿ ತುಂಡು ಸುತ್ತಿತ್ತು. ಬೆರಳಚ್ಚು ಸಿಗಬಾರದೆಂದು ಹೀಗೆ ಮಾಡಿದ್ದಾರೆ ಎಂದು ಮೊದಲ ಹೇಳಿಕೆಯಲ್ಲಿ ಬರೆಸಿದ್ದೇನೆ. ದಯವಿಟ್ಟು ಆ ಸಾಲನ್ನು ಹೊಡೆದು ಹಾಕಬೇಕು.

ಒಂಬತ್ತೂವರೆಗೆ ಪೇದೆಯವರು ಅಜ್ಜನನ್ನು ಕರೆತಂದರು. ಅಜ್ಜ ಹೇಳಿದ್ದಿಷ್ಟೇ: ಮುಳುಗಿಸಿದ್ದು ನಾನೇ. ಯಾಕೆ ಅಂತ ಇವನಿಗೆ ಹೇಳಿದ್ರೆ ಕೇಳಿಸ್ಕೊಳ್ಳಲ್ಲ. ಶನಿವಾರ ದೋಣಿನೇ ಹೇಳುತ್ತೆ, ಅಲ್ಲೀತನಕ ಯಾರೂ ಮುಟ್ಟಬೇಡಿ. ಶನಿವಾರ ಬರಬೇಕೆಂದು ಹೇಳಿ ಸಾಹೇಬರು ಅವರನ್ನು ಕಳಿಸಿದರು.

ಇವತ್ತು ಬೆಳಿಗ್ಗೆ 9.15ಕ್ಕೆ ಪೇದೆಯವರು, ಅಜ್ಜ, ನಾನು ಹೊಳೆಗೆ ಹೋದೆವು. ಅಜ್ಜ ದಡದಲ್ಲಿ ಕಾಲು ಚಾಚಿ ಕೂತು ಬೆರಳಲ್ಲೇ ತೋರಿಸಿದರು. ನಾವಿಬ್ಬರೂ ಕಲ್ಲು ತೆಗೆದು ನೀರು ಮೊಗೆದು ಹಾಕಿದೆವು. 10.40ಕ್ಕೆ ದೋಣಿ ತೇಲಿತು. ನಾನೂ ಪೇದೆಯವರೂ ಹತ್ತಿ ಇಪ್ಪತ್ತೈದು ನಿಮಿಷ ಸುತ್ತಿದೆವು. ಒಂದು ಲೋಟ ನೀರೂ ಒಳಗೆ ಬರಲಿಲ್ಲ. ತನಿಖೆ ಸಾಲದು, ಇನ್ನೊಂದು ಸುತ್ತು ಹಾಕೋಣ ಎಂದು ಪೇದೆಯವರು ಹೇಳಿದರು.

ಅಜ್ಜ ನನ್ನ ಮುಖ ನೋಡದೆ ಪೇದೆಯವರಿಗೆ ವಿವರಿಸಿದರು. ತಗಡಿನ ಶೆಡ್ಡಿನ ಕಾವಿಗೆ ಒಣಗಿದ ಹಲಗೆ ಕುಗ್ಗುತ್ತೆ, ಸಂದಿ ಬಿಡುತ್ತೆ. ಎರಡು ದಿನ ಮುಳುಗಿಸಿಟ್ರೆ ಉಬ್ಬಿ ಒಂದನ್ನೊಂದು ಅಪ್ಕೊಳ್ತವೆ. ಇಷ್ಟು ಹೇಳೋಕೂ ಬಿಡಲಿಲ್ಲ ಪುಣ್ಯಾತ್ಮ. ಗೋಣಿ ಯಾಕೆ ಎಂದು ಪೇದೆಯವರು ಕೇಳಿದ್ದಕ್ಕೆ, ಬಣ್ಣಕ್ಕೆ ಗೀರು ಬೀಳಬಾರದಲ್ಲ, ಇವನ ಹೆಂಡ್ತಿ ನೀಲಿ ಚೆನ್ನಾಗಿದೆ ಅಂದಿದ್ಲು ಎಂದರು.

ಹದಿನಾಲ್ಕೂ ಗೋಣಿ ತುಂಡುಗಳನ್ನು ನಾನು ಒಂದೂ ತಮಾಷೆ ಮಾಡದೆ ಹಿಂಡಿ ಮಡಚಿಟ್ಟೆ. ಪೇದೆಯವರು ಇದಕ್ಕೆ ಸಾಕ್ಷಿ.

ಠಾಣೆಗೆ ಬಂದು ಕ್ಷಮೆ ಕೇಳಿದೆ. ಅಜ್ಜ ಗೋಡೆ ಗಡಿಯಾರ ನೋಡುತ್ತಾ ಕೂತರು. ಅಂಗಡಿಯಲ್ಲಿ ಅದೇ ನಾಲ್ಕು ಜನರ ಮುಂದೆ ಜರಡಿ ಯಾರೆಂದು ಹೇಳುತ್ತೇನೆ ಎಂದೆ. ಅಜ್ಜ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಈಗ ನನ್ನ ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದಾಳೆ, ಕೈಯಲ್ಲಿ ಅದೇ ಡಬ್ಬಿ. ಇವರ ಮಾತು ಇವತ್ತಿಗೆ ಮುಗಿಯೋದಲ್ಲ, ಊಟ ಆರೋಗುತ್ತೆ, ಮೂರು ಜನಕ್ಕೆ ತಂದಿದೀನಿ, ಅಜ್ಜ ನೀವು ಏಳಿ ಎನ್ನುತ್ತಿದ್ದಾಳೆ. ಅಜ್ಜ ಎದ್ದು ನನ್ನ ಕಡೆ ತಿರುಗಿ, ನೋಡಪ್ಪಾ ಎಂದರು. ನಾನು ಸುಮ್ಮನಿದ್ದೆ. ಅವರು ಸ್ವಲ್ಪ ಕಾದು ನೋಡಿದರು. ಆಗಲೂ ಸುಮ್ಮನಿದ್ದೆ. ದೋಣಿ ಹುಟ್ಟನ್ನ ಪೊರಕೆ ಥರ ಹಿಡೀತೀಯ, ಹಾಗೆ ಹಿಡಿದ್ರೆ ಆಚೆ ದಡ ಸೇರಲ್ಲ, ಊಟ ಆದ್ಮೇಲೆ ಬಾ, ತೋರಿಸ್ತೀನಿ ಎಂದರು.

ಇಲ್ಲಿಗೆ ನಿಲ್ಲಿಸುತ್ತೇನೆ, ಕರೆಯುತ್ತಿದ್ದಾರೆ. ಇದರಲ್ಲಿ ತಮಾಷೆ ಇರಬಹುದು, ಸುಳ್ಳಿಲ್ಲ. ಬರೆದದ್ದನ್ನು ಓದಿ ಹೇಳಿದರು, ನಡುವೆ ಬಾಯಿ ಹಾಕದೆ ಕೇಳಿದ್ದೇನೆ.

ಸ್ಥಳ: ಠಾಣೆ
ಶನಿವಾರ, ಮಧ್ಯಾಹ್ನ 1.35
ಸಹಿ: (ಬೀಗದಣ್ಣ)