ಮಸ್ಕತ್ತಿಗೆ ಮೂರು ಮಂದಿ

ಕೈ ಸಡಿಲ ಬಿಡು ಅಂದೆನೆಲ್ಲ. ಹಿಂಗ ಬಿಗಿ ಹಿಡಕೊಂಡ್ರ ಬಳಿ ಹೆಂಗ ಏರ್ತಾವ? ಒಂದು ಆಗಲೇ ಒಡೀತು ನೋಡು. ಏಳಬ್ಯಾಡ, ಏಳಬ್ಯಾಡ, ಮಲಕ್ಕೊಂಡೇ ಕೈ ಕೊಡು. ಹಡಿಯೋತನಕ ಹಾಸಿಗಿ ಬಿಟ್ಟು ಏಳಬ್ಯಾಡ ಅಂತ ಡಾಕ್ಟರು ಹೇಳ್ಯಾರೋ ಇಲ್ಲೋ? ಹಾಂ, ಹಂಗ. ಚೊಚ್ಚಲಕ್ಕಾದ್ರ ಬಳಿ ಇಡಸ್ತಾರ, ಎರಡನೇದಕ್ಕ ಯಾರು ಇಡಸ್ತಾರ ಅಂತ ಅವ್ವ ಒಲಿ ಮುಂದ ಗೊಣಗತಿದ್ಲು, ಕೇಳಿಸ್ತು ನನಗ. ಗೊಣಗ್ಲಿ. ನನ್ನ ತಂಗಿ, ನನ್ನ ರೊಕ್ಕ. ಮನಸ್ಸಿಗೆ ಬಂತು, ಹಡಗಲ್ಯಾಗ ಬಸ್ಸಿಳಿದು ಹಸರು ಬಳಿ ತಗೊಂಡೆ. ಈ ಮಾಗಳಕ್ಕ ಬಂದಿದ್ದು ಇಷ್ಟಕ್ಕ. ಹಂಗ್ಯಾಕ ನೋಡ್ತಿ? ಅಕ್ಕ ತವರಿಗೆ ಬರಬಾರದೇನು? ನಿನಗೊಬ್ಬಾಕಿಗೇ ಬರಕೊಟ್ಟಾರೇನು ಈ ಮನಿ?

ಏನು ಹೇಳತಿದ್ದೆ... ಹಾಂ, ಮಸ್ಕತ್ತು. ಬಾಡಿಗಿ ಕೇಳಿದ್ರ ಎದಿ ಹಿಡಕೋತಿ. ಎರಡು ಖೋಲಿ, ಒಂದು ಅಡಗಿ ಮನಿ, ಕಿಡಕಿ ತಗದ್ರ ಸಮುದ್ರ. ಸಮುದ್ರ ಕಾಣ್ತೈತಿ ಅಂತ ಬಾಡಿಗಿ ಇನ್ನಷ್ಟು ಹೆಚ್ಚಂತ. ನಾವೇನು ಸಮುದ್ರ ಕುಡೀತೀವೇನು? ಕುಡಿಯೋ ನೀರನ್ನೂ ರೊಕ್ಕ ಕೊಟ್ಟು ತರಬೇಕು. ಪೆಟ್ರೋಲ್ ಸೋವಿ, ನೀರು ತುಟ್ಟಿ, ಅಂಥಾ ಊರು ಅದು. ಯಾಕ ನಗ್ತಿ? ಖರೇ ಹೇಳ್ತೀನಿ. ತಂಬ್ರಹಳ್ಳಿ ಯರ್ರಿಸ್ವಾಮಿ ಹೆಂಡ್ತಿ ಎರಡು ವರ್ಷ ಇದ್ದು ಬಂದಾಳ, ಅಕಿ ಬಾಯಿಲೇ ಕೇಳೀನಿ. ಟೊಮೆಟೊ ಕೊಳ್ಳೋವಾಗ ಬೊಮ್ಮನಹಳ್ಳಿ ಸಂತಿ ನೆನಸಿಕೊಂಡು ಅಕಿ ಅಳತಿದ್ಲಂತ. ಇಲ್ಲಿ ಬುಟ್ಟಿ ತುಂಬ ಬರೋ ರೊಕ್ಕಕ್ಕ ಅಲ್ಲಿ ಒಂದು ಕೈಚೀಲದ ತಳ ಮುಚ್ಚಲ್ಲ. ಜ್ವಾಳದ ಹಿಟ್ಟಂತೂ ಕೇಳಬ್ಯಾಡ. ಹಾಲು, ಮೊಸರು, ಕರೆಂಟು... ಹಗಲೂ ರಾತ್ರಿ ಏಸಿ ಹಚ್ಚಿಕೊಂಡೇ ಇರಬೇಕಂತ, ಇಲ್ಲಂದ್ರ ಮಂದಿ ಬೇಯ್ತಾರಂತ.

ಸಂಬಳ ಹೆಚ್ಚೈತಿ, ಇಲ್ಲ ಅನ್ನಲ್ಲ. ಸಂಡೂರು ಗುಡ್ಡದಾಗ ಅದಿರು ಅಗಿಯೋ ಹಿಟಾಚಿ ಓಡಿಸಿ ಓಡಿಸಿ ನಮ್ಮ ಮೈಲಾರಿ ಅವರಪ್ಪನ ಎದ್ಯಾಗೆಲ್ಲ ಕೆಂಪು ಧೂಳು ತುಂಬೇತಿ. ಅಲ್ಲಿ ಸಮುದ್ರದ ದಂಡ್ಯಾಗ ಬಂದರು ಕಟ್ಟಾಕ ಹತ್ಯಾರಂತ, ಅಲ್ಲಿ ಓಡಸೋದು. ಬೇಕಾದ್ರ ಮನಿ ಮಂದೀನ ಕರ್ಕೊಂಡು ಬರ್ರಿ ಅಂತನೂ ಅಂದಾರ. ಆದ್ರ ಬಂದ ಸಂಬಳ ಮೂರು ಹೊಟ್ಟಿಗೆ ಸರಿ ಹೋಗ್ತೈತಿ ನೋಡವ್ವ. ನಾಕನೇದಕ್ಕ ಎಲ್ಲಿಂದ ತರೋದು?

ಯಾವ ಮೂರು ಅಂತ ಕೇಳ್ತೀಯೇನು?

ಗಂಡ, ಹೆಂಡ್ತಿ, ನನ್ನ ಮಗ ಮೈಲಾರಿ. ಇದು ಕೇಳೋ ಮಾತೇನು? ಹೆಂಡ್ತಿ ಅಂದ್ರ ಯಾವಾಕಿ ಅಂತ ಇನ್ನೊಮ್ಮೆ ಕೇಳು, ಹೇಳ್ತೀನಿ. ಮಂದಿ ಕೂಡಿ ಅಕ್ಕಿಕಾಳು ಹಾಕಿದ್ದು ಯಾರ ಮ್ಯಾಲೆ? ನಿನ್ನ ಗುಡಿಗೆ ಕರ್ಕೊಂಡು ಹೋಗಿ ಅರಿಷಿಣ ಕೊಂಬು ಕಟ್ಟಿಸಿದ್ದು ನಾನೇ, ಹಿಂದಿಂದ ನಿನ್ನ ಕೂದಲ ಎತ್ತಿ ಹಿಡಿದಾಕೀನೂ ನಾನೇ. ಆಗ ನಮ್ಮತ್ತಿ ಹಿರೇಹಡಗಲಿ ಹುಡುಗೀನ ನೋಡಿಟ್ಟಿದ್ಲು. ಬಂಜಿ ಬಂಜಿ ಅಂತ ಎಂಟು ವರ್ಷ ತಿಂದ್ಲು ನನ್ನ. ಹೊರಗಿನಾಕಿ ಬಂದು ತಲಿ ಮ್ಯಾಲೆ ಕುಂದ್ರೋದಕ್ಕಿಂತ ನನ್ನ ತಂಗಿ ಬರ್ಲಿ, ಮನ್ಯಾಗಿಂದು ಮನ್ಯಾಗ ಇರ್ತೈತಿ ಅಂತ ನಾನೇ ಬಂದು ಅವ್ವನ ಮುಂದ ಕುಂತೆ. ನೀ ಪಿಯುಸಿ ಮುಗಿಸಿ ಎರಡು ವರ್ಷ ಇದೇ ಕಟ್ಟಿ ಮ್ಯಾಲೆ ಹೋಗೋರು ಬರೋರ ಮುಖ ನೋಡ್ಕೊಂತ ಕುಂತಿದ್ದಿ. ಮಾಮ ಹಿಟಾಚಿ ಓಡಸ್ತಾನ ಅಂತ ಖುಷಿ ಬ್ಯಾರೆ ನಿನಗ. ಇಲ್ಲನ್ನು ನೋಡಾನ.

ಆ ಕೈ ಆತು. ಈ ಕೈ ಕೊಡು. ಎಷ್ಟು ಬಾತೈತೆ ಮುಂಗೈ.

ನನ್ನ ಮಗ ಅಂದೆ, ಹೌದು. ಯಾಕ, ಅದಕ್ಕೂ ತಕರಾರೇನು? ಸಾಲಿಗಿ ಹಚ್ಚೋವಾಗ ತಾಯಿ ಹೆಸರು ಪಕ್ಕೀರಮ್ಮ ಅಂತ ನನ್ನದೇ ಬರಸಿದ್ವಲ್ಲ, ನೀ ಬಾಜೂಕೇ ನಿಂತಿದ್ದಿ. ಎರಡು ಹೆಂಡ್ತಿ ಅಂತ ಗೊತ್ತಾದ್ರ ಮುಂದ ಹುಡುಗಗ ತ್ರಾಸು ಅಂತ ಹಿರೇರು ಅಂದ್ರು, ನೀನೂ ತಲಿ ಆಡಿಸಿದಿ. ಅಕ್ಕ, ಯಾರ ಹೆಸರಾದ್ರೇನು, ಹೊಟ್ಟಿ ನಂದ ಐತೆಲ್ಲ ಅಂತ ನಕ್ಕಿದ್ದಿ. ಎಲ್ಲಾರ ಮುಂದ ಅಂದಿದ್ದಿ ಅದನ್ನ. ಮಾಸ್ತರೂ ನಕ್ರು. ನನ್ನ ಮುಖ ನೋಡಲಿಲ್ಲ ನೀನು. ಈಗ ನೋಡು, ಹೊಟ್ಟಿ ಯಾರದಂತ ಯಾರೂ ಕೇಳವಲ್ರು. ಹೆಸರು ಕೇಳ್ತಾರ. ಪಾಸ್‌ಪೋರ್ಟಿನ್ಯಾಗ ನನ್ನ ಹೆಸರು ಐತಿ, ವೀಸಾದಾಗ ನನ್ನ ಹೆಸರು ಐತಿ.

ತಂಗಿ ಅಂತ ಬರ್ತೀನಿ ಅಂತೀಯೇನು? ಕೆಲಸದಾಕಿ ಅಂತಾದ್ರೂ ಕರ್ಕೊಂಡು ಹೋಗ್ರಿ ಅಂತೀಯೇನು? ಭಾಳ ಚಂದ ಆತು. ಅಲ್ಲಿ ನನಗ ಸೊಪ್ಪು ಸೋಸಿಕೊಡ್ತಿ, ಅವ್ರಿಗೆ ಬೆನ್ನು ತಿಕ್ಕತಿ. ಇಲ್ಲಿ ನೋಡಿದ್ದು ಸಾಕಾಗೇತಿ ನನಗ. ನೀ ನೀರಿಗೆ ಹೊಂಟ್ರ ಅವರ ಕಣ್ಣು ನಿನ್ನ ಹಿಂದ, ನೀ ಒಳಗ ಬಂದ್ರ ಅವರ ಕಣ್ಣು ಒಳಗ. ನಾ ಗಂಗಾಳ ಇಟ್ರ, ಸೌಭಾಗ್ಯ ಉಂಡಾಳೇನು ಅಂತ ಕೇಳ್ತಾರ. ನಾ ಉಂಡೀನೇನು ಅಂತ ಒಂದು ದಿನ ಕೇಳಿಲ್ಲ. ಇರ್ಲಿ. ಅದಲ್ಲ ಮಾತು. ಮಾತು ಖರ್ಚಿಂದು. ನೀ ಬಂದ್ರ ಒಂದು ಹೊಟ್ಟಿ ಅಲ್ಲ, ಎರಡು. ಅಲ್ಲಿ ಹಡಿಯೋಕ ಎಷ್ಟು ಇಸ್ಕೊಂತಾರ ಗೊತ್ತೇನು? ಆ ರೊಕ್ಕದಾಗ ಇಲ್ಲಿ ಮೂರು ಮದುವಿ ಮಾಡಬಹುದು.

ಊರು ಮಾತ್ರ ಚಂದ ಐತಂತ. ರಸ್ತೆದಾಗ ಒಂದು ಕಾಗದದ ಚೂರು ಕಾಣಲ್ಲಂತ. ಸಂಜೀಕ ಸಮುದ್ರದ ಕಡೆ ತಿರಗ್ಯಾಡಾಕ ಹೋಗ್ತಾರ, ಹುಡುಗ್ರು ಉಸುಕಿನ್ಯಾಗ ಆಡ್ತಾವ. ಸಾಲಿಗಿ ಹೋಗಾಕ ಕಂಪನಿ ಗಾಡಿ ಬರ್ತೈತಿ, ಕಂಪನಿ ಮನಿ ಬಾಗಲಕ್ಕೇ ಬಂದು ನಿಂದ್ರತೈತಿ...

ಏನಂದಿ?

ಹೌದು, ಕಂಪನಿ ಮನಿ. ಕಂಪನಿ ಮನಿಗೆ ಎಂಥಾ ಬಾಡಿಗಿ ಅಂದ್ರ... ಅರ್ಧ ಇಸ್ಕೊಂತಾರ. ಅರ್ಧ ಅಂದ್ರೂ ಕಡಿಮಿ ಏನು? ಮಾತು ಹಿಡದು ಜಗ್ಗಬ್ಯಾಡ ನೀನು, ಚಿಕ್ಕಂದಿನಿಂದ ಇದೇ ಬುದ್ಧಿ. ನನಗೇನು ಕಂಪನಿ ಕಾನೂನೆಲ್ಲ ಬಾಯಿಪಾಠ ಐತೇನು? ಅವರು ಹೇಳಿದ್ದು ನಾ ಹೇಳ್ತೀನಿ.

ಅಳಬ್ಯಾಡ. ಅತ್ರ ಹೊಟ್ಟ್ಯಾಗಿನ ಕೂಸಿಗೆ ಆಗಲ್ಲ. ಇಲ್ಲಿ ಕೇಳು, ನಾ ಏನು ರಾಕ್ಷಸಿ ಅಲ್ಲ. ಹೊಟ್ಟ್ಯಾಗಿಂದು ನಿಂದು. ಅದಕ್ಕ ನಾ ಕೈ ಹಚ್ಚಲ್ಲ. ಗಂಡಾಗ್ಲಿ ಹೆಣ್ಣಾಗ್ಲಿ, ತಾಯಿ ಹೆಸರು ಸೌಭಾಗ್ಯ ಅಂತ ದಪ್ಪ ಅಕ್ಷರದಾಗ ಬರಸು, ಯಾರು ಬ್ಯಾಡ ಅಂತಾರ? ಅಪ್ಪನ ಹೆಸರು ಕೇಳಿದ್ರ ಏನು ಬರಸೋದು ಅನ್ನೋದು ಆಮ್ಯಾಲೆ ನೋಡಾನ. ನನಗೊಂದು, ನಿನಗೊಂದು. ಇದಕ್ಕಿಂತ ಸರಿಯಾಗಿ ಯಾರು ಹಂಚತಾರ ಹೇಳು. ನೀ ಇನ್ನೂ ಹಡೀತಿ. ನನಗ ಇದೊಂದ.

ಯಾವಾಗ ಹೋಗೋದಾ? ಭಾಳ ದಿನ ಐತಿ ಇನ್ನೂ. ದೀಪಾವಳಿ ಆಗ್ಲಿ. ನೀ ಹಡೀತಿ, ಬಾಣಂತನ ಮುಗೀತೈತಿ, ಆಮ್ಯಾಲೆ ಮೈಲಾರಿನ ಕರ್ಕೊಂಡು ಬರ್ತೀನಿ. ಮಡ್ಲಾಗ ಕುಂದ್ರಿಸ್ಕೊಂಡು ಎಷ್ಟು ಬೇಕೋ ಅಷ್ಟು ಮುದ್ದಾಡು. ಎರಡು ವರ್ಷಕ್ಕೊಮ್ಮೆ ಊರಿಗೆ ಬರ್ತೀವೆಲ್ಲ, ಆಗ ನಿನಗೊಂದು ಚಲೋ ಸೀರಿ ತರ್ತೀನಿ, ವಿದೇಶದ್ದು.

ಈಗ ಎಲ್ಲಿ ಅದಾನಂದ್ರ, ಮನ್ಯಾಗ ಅದಾನ. ಎಲ್ಲಿರ್ತಾನ ಮತ್ತ? ಅವರಪ್ಪ ರಜಾ ಹಾಕ್ಯಾರ, ಅವರ ಕೂಡ ಆಡ್ತಾನ, ಉಣ್ತಾನ, ಮಕ್ಕೊಂತಾನ. ನಿನ್ನ ನೆನಸಲ್ಲ, ಚಿಂತಿ ಮಾಡಬ್ಯಾಡ. ಕರ್ಕೊಂಡು ಬರಬೇಕಿತ್ತು ಅಂತಿ. ಬಸ್ಸಿನ್ಯಾಗ ವಾಂತಿ ಮಾಡ್ಕೊಂತಾನ, ನಿನಗ ಗೊತ್ತಿಲ್ಲೇನು? ಮ್ಯಾಲೆ ನಿನ್ನ ನೋಡಿದ್ರ ಎತ್ಕೋ ಅಂತ ಹೊಟ್ಟಿ ಮ್ಯಾಲೆ ಬೀಳ್ತಾನ. ನಿನ್ನ ಸಲುವಾಗೇ ಬಿಟ್ಟು ಬಂದೀನಿ.

ಅಂದಂಗ, ಒಂದು ಕೇಳಬೇಕಿತ್ತು. ಏನಿಲ್ಲ, ಹಂಗ ನೆನಪಾತು. ಅವ ಹಠ ಹಿಡದು ಉಣ್ಣಾಕ ಒಲ್ಲೆ ಅಂದಾಗ ನೀ ಅವನ್ನ ಹಿತ್ತಲಕ್ಕ ಎತ್ಕೊಂಡು ಹೋಗ್ತಿದ್ದೆಲ್ಲ, ಬಾಗಲಾ ಮುಂದ ಮಾಡ್ಕೊಂಡು. ಅವನ ಕಿವ್ಯಾಗ ಏನೋ ಹೇಳತಿದ್ದಿ. ಅವ ಕಿಲಕಿಲ ನಗತಿದ್ದ, ನೋಡನೋಡ್ತಾ ಗಂಗಾಳ ಖಾಲಿ. ಒಮ್ಮೆ ನಾ ಬಾಗಲ ಹಿಂದ ನಿಂತು ಕೇಳೀನಿ, ಒಂದಕ್ಷರ ತಿಳೀಲಿಲ್ಲ. ಹೊಟ್ಟಿ ಉರೀತಿತ್ತು ನನಗ, ಮುಚ್ಚಿಡೋದೇನೈತಿ. ನಾ ಬೆಲ್ಲ ಕೊಡ್ತೀನಿ, ತುಪ್ಪ ಹಾಕ್ತೀನಿ, ನನ್ನ ಕಂಡ್ರ ಬಾಯಿ ಮುಚ್ಚತಿದ್ದ. ಏನು ಹೇಳತಿದ್ದಿ ಅವಗ?

ಸುಮ್ನ ಕೇಳಿದೆ. ಮುಂದ ಬೇಕಾಗ್ತೈತೆಲ್ಲ.

ಯಾಕ ಸುಮ್ಕಾದಿ? ಇಷ್ಟೊತ್ತು ಮಾತಿಗೊಂದು ಮಾತು ಕೊಡತಿದ್ದಿ. ಹಾಡೇನು? ಕಥೀ ಏನು? ಗುಬ್ಬಿದೋ, ಕುರಿಮರೀದೋ? ನಾನೂ ಕುರಿಮರಿ ಕಥೀ ಹೇಳಿ ನೋಡೀನಿ... ಯಾವಾಗ ಅಂದ್ರ, ಹಿಂದ ಎಂದೋ. ಈಗ ಅಲ್ಲ. ಈಗ ಉಣ್ತಾನ ಅಂತ ಹೇಳಿದೆನೆಲ್ಲ.

ಕೈ ಯಾಕ ಹಿಂದಕ್ಕ ತಗೊಂಡಿ? ಇನ್ನೂ ಎರಡು ಬಳಿ ಅದಾವ. ಹಂಗ ನೋಡಬ್ಯಾಡ ನನ್ನ. ಉಣ್ತಾನಂದ್ರ ಇದನ್ಯಾಕ ಕೇಳಾಕ ಬಂದಿ ಅಂತ ನೋಡ್ತಿಯೇನು? ಬಾಯಿ ಬಿಟ್ಟು ಕೇಳು. ಕೇಳು, ಹೇಳ್ತೀನಿ. ಬೈಯಿ ಬೇಕಾದ್ರ. ಗ್ವಾಡಿ ಕಡೆ ಯಾಕ ಹೊಳ್ಳಿದಿ? ಸೌಭಾಗ್ಯ... ಲೇ, ಇತ್ತಾಗ ನೋಡು.

ಮನ್ಯಾಗ ಇಲ್ಲ ಅವ. ಹೊಸಪೇಟ್ಯಾಗ ಅದಾನ, ಲಾಡ್ಜಿನ್ಯಾಗ. ಮೊನ್ನಿಯಿಂದ. ಮನಿಗೆ ಬೀಗ ಹಾಕೀವಿ, ಸಾಮಾನು ಕಟ್ಟೀವಿ. ಇವತ್ತು ಸಂಜೀಕ ಬೊಂಬಾಯಿ ಬಸ್ಸು, ಅಲ್ಲಿಂದ ವಿಮಾನ. ಅವ್ವಗ ಬರ್ತಿದ್ದಂಗೇ ಹೇಳೀನಿ. ಒಲಿ ಮುಂದ ಕುಂತು ಅಳಾಕ ಹತ್ಯಾಳ, ಹೊಗಿಗೆ ಕಣ್ಣೀರು ಅಂತ ನಿನಗ ಅನಿಸಿರಬೇಕು.

ಕಿರಚು ಬೇಕಾದ್ರ. ಸುಮ್ನಿರಬ್ಯಾಡ ಹಿಂಗ. ಮಾಡೀನಿ, ಹೌದು. ನಾನೇ ಮಾಡೀನಿ. ಅಲ್ಲಿ ಖರ್ಚಿಲ್ಲ ಏನಿಲ್ಲ, ಕೇಳ್ದೇನು? ಮನಿ ಕಂಪನೀದು, ನೀರು ಕಂಪನೀದು, ಸಾಲಿ ಫೀಸೂ ಅವರ್ದೇ. ನಾಕು ಮಂದಿ ಏನು, ಐದು ಮಂದಿ ಕುಂತು ಉಣ್ಣಬಹುದು. ಅವರು ನಿನ್ನನ್ನೂ ಸೇರಿಸೇ ಲೆಕ್ಕ ಹಾಕಿದ್ರು. ಹಡದ ಮ್ಯಾಲೆ ತಂಗಿ ಅಂತ ಕರಸ್ಕೊಳ್ಳಾನ ಅಂದ್ರು. ಅಕಿ ಬಂದ್ರ ನಾ ಬಾವಿ ನೋಡ್ಕೊಂತೀನಿ ಅಂದೆ ನಾನು. ಮೂರು ದಿನ ಉಣ್ಣಲಿಲ್ಲ. ಆಮ್ಯಾಲೆ ಅವರು ಹೂಂ ಅಂದ್ರು. ನೀ ಹೆಂಗೂ ಹಾಸಿಗಿ ಬಿಟ್ಟು ಏಳಂಗಿಲ್ಲ, ಬಸ್ಸು ಹತ್ತಂಗಿಲ್ಲ, ಇದೇ ಹೊತ್ತು ಅಂತ ನಾನೇ ದಿನ ಗೊತ್ತು ಮಾಡಿಸಿದೆ.

ಎರಡು ತಿಂಗಳಿಂದ ಕಲಿಸೀನಿ ಹುಡುಗಗ. ನನಗ ಅವ್ವ ಅನ್ನು, ಅಕಿಗಿ ಚಿಗವ್ವ ಅನ್ನು, ವಿಮಾನದೋರು ಕೇಳ್ತಾರ ಅಂತ. ಕಲ್ತಾನ. ಶ್ಯಾಣ್ಯಾ ಅದಾನ, ನಿನ್ನಂಗ. ಮಂದಿ ಮುಂದ ಅವ್ವ ಅಂತಾನ ನನಗ. ನೀ ಇಲ್ಲಿಗೆ ಬಂದ ಮ್ಯಾಲೆ ಮನ್ಯಾಗ ಹೆಂಗೋ ಉಣ್ತಿದ್ದ, ಬೀಗ ಹಾಕಿದಾಗಿಂದ ತಾಟು ಮುಂದಿಟ್ರ ಮಾತ್ರ ಚಿಗವ್ವ ಎಲ್ಲಿ ಅಂತಾನ. ಹಾಲು ಒಲ್ಲ, ಬಿಸ್ಕೀಟ್ ಒಲ್ಲ. ಹೋಟೆಲಿಂದ ಇಡ್ಲಿ ತಂದ್ರ ಹಲ್ಲು ಕಚ್ಚಿ ಹಿಡೀತಾನ. ಅವರಪ್ಪ ಸಿಟ್ಟಿಗೆದ್ದು ಒಂದು ಹೊಡದ್ರು, ಆಮ್ಯಾಲೆ ತಾವೇ ಸಂಡಾಸಕ್ಕ ಹೋಗಿ ಬಾಗಲಾ ಹಾಕ್ಕೊಂಡು ಅತ್ರು. ಹೋಗು, ಅಕಿ ಏನು ಹೇಳಿ ಉಣಸ್ತಿದ್ಲು ಕೇಳ್ಕೊಂಡು ಬಾ, ಇಲ್ಲಂದ್ರ ಹುಡುಗ ದಾರ್ಯಾಗ ಸಾಯ್ತಾನ ಅಂದ್ರು. ಅದಕ್ಕ ಬಂದೀನಿ. ಬಳಿ ಇಡಸಾಕಲ್ಲ.

ಹೇಳು. ಏನು ಬೇಕಾದ್ರೂ ಕೇಳು, ಹುಡುಗನ್ನ ಬಿಟ್ಟು ಏನು ಬೇಕಾದ್ರೂ ಕೇಳು, ಕೊಡ್ತೀನಿ. ಕಾಲು ಹಿಡೀಲೇನು? ಹಿಡೀತೀನಿ, ಯಾರೂ ನೋಡವಲ್ರು. ಮಾತು ಅಷ್ಟ ಹೇಳು, ಹಿತ್ತಲದಾಗ ಏನು ಹೇಳತಿದ್ದಿ ಅಂತ. ಅವನ ಸಲುವಾಗಿ ಹೇಳು, ನನಗಲ್ಲ.

ಹೇಳಲ್ಲೇನು? ಸೌಭಾಗ್ಯ, ಎರಡು ದಿನ ಆತಲೇ. ನನ್ನ ಕೈಲೆ ಒಂದು ತುತ್ತು ತಿನ್ನವಲ್ಲ ಅವ.