ಚಂದ್ರಿಯ ಕುನ್ನಿಗಳು

“ಹಲೋ… ಹಾಂ, ಯಾರು ಮಾತಾಡೋದು?… ಯಾರ್ರೀ? ಕೇಳಸವಲ್ದು, ಲೋಕಲ್ ಬಂದು ನಿಂತೈತಿ. ಸ್ವಲ್ಪ ತಡೀರಿ…”

ಮುಂಬಯಿಯ ಮುಲುಂಡ್ ಸ್ಟೇಶನ್ನಿನಲ್ಲಿ ಆಗಷ್ಟೇ ಇಳಿದಿದ್ದ ಸೇವಂತಿ ಇನ್ನೊಂದು ಕಿವಿಗೆ ಅಂಗೈ ಒತ್ತಿಕೊಂಡಳು. ಬೆಳಗಿನಿಂದ ಆಫೀಸಿನ ಕೌಂಟರಿನಲ್ಲಿ ನಿಂತು ಸೋತ ಕಾಲು. ಗಾಡಿ ಹೊರಟ ಮೇಲೆ ಬೆಂಚಿನ ತುದಿಯಲ್ಲಿ ಒಂದಿಷ್ಟು ಜಾಗ ಸಿಕ್ಕಿತು.

“ಅಯ್ಯ, ಶಂಕ್ರೆಪ್ಪಣ್ಣಾ! ನೀನೇನು? ಇದ್ಯಾರ ನಂಬರು?… ಶೆಟ್ಟೆಪ್ಪ ಕಾಕಾಂದಾ? ನಾ ಯಾರೋ ಕ್ರೆಡಿಟ್ ಕಾರ್ಡ್ ಮಾರಾವ್ರು ಅಂತ ತಿಳ್ದೆ. ಹೇಳು, ಕುರಿ ಎಲ್ಲಿ ಬಿಟ್ಟೀರಿ?… ಹುಕ್ಕೇರಿ ಮಗ್ಗಲಕಾ? ಥಂಡಿ ಭಾಳ ಇರಬೇಕಲ್ಲ…”

“ಏನಂದಿ?… ಚಂದ್ರಿ ಕುನ್ನಿ ಹಾಕೈತಾ! ಎಷ್ಟು?… ನಾಕಾ! ಹೆಣ್ಣು ಅದಾವೇನು?… ಅಯ್ಯ ಶಿವನ. ವೈಶಾಲಿಗೆ ಹೇಳಿದ್ರ ಖುಷೀಲೆ ಇವತ್ತು ಊಟಾ ಮಾಡೂದಿಲ್ಲ ಆಕಿ…”

ಚಂದ್ರಿ ಅಣ್ಣನ ಹಿಂಡಿನ ಹಳೆಯ ನಾಯಿಯ ಕೊನೆಯ ಮಗಳು. ರಜೆಗೆ ಹೋದ ಮಗಳು ವೈಶಾಲಿ ಹಟ ಹಿಡಿದಳೆಂದು ಸೇವಂತಿ ಅದನ್ನು ಮರಿಯಿದ್ದಾಗಲೇ ಮುಂಬಯಿಗೆ ತಂದಿದ್ದಳು. ಈ ಮಳೆಗಾಲದಲ್ಲಿ ತಾಯಿನಾಯಿ ಲಾರಿಗೆ ಸಿಕ್ಕು ಸತ್ತಿತು. ಆ ತಳಿಯಲ್ಲಿ ಇನ್ನು ಉಳಿದದ್ದು ಚಂದ್ರಿಯೊಂದೇ. ದಸರೆಗೆ ಅಣ್ಣ ತಾನೇ ಬಂದು ಅದನ್ನು ಹಿಂಡಿಗೆ ಕರೆದೊಯ್ದಿದ್ದ.

“ಯಾಕ, ದನಿ ಸಣ್ಣಾಗೈತಿ?… ಕೊಟ್ಟಬಿಡ್ತಿ? ಯಾರಿಗೆ?… ಪ್ಯಾಟ್ಯಾಗ? ನಾಕೂ? ಅಣ್ಣಾ, ಚಾಷ್ಟಿ ಮಾಡಬ್ಯಾಡ…”

“ತೋಳ?… ಯಾವಾಗ?… ಹೋದ ತಿಂಗಳು ಆಗಿದ್ದು ಈಗ ಹೇಳ್ತಿಯಾ? ಕುರಿ ಹೋದೂವಾ?… ಮತ್ತ ಚಂದ್ರಿ ಎಲ್ಲಿತ್ತು?… ಅಲ್ಲೇ ಇತ್ತು ಅಂದ್ರ? ಅಲ್ಲೇ ಇದ್ದು ಏನ್ ಮಾಡ್ತು?…”

“ಕುಂತಿತ್ತಾ?…”

“ಕುರಿ ಚೆದರಿ ಓಡಿದ ಕೂಡ್ಲೆ ಕುಂತಬಿಡ್ತು… ಹಾಂ… ನಿನ್ನ ಕೈ ನೋಡ್ಕೋತ…”

ಅದು ಕೂತದ್ದೇಕೆಂದು ಸೇವಂತಿಗೆ ತಿಳಿಯಿತು. ಮುಂಬಯಿಯಲ್ಲಿ ಅವರ ಹೌಸಿಂಗ್ ಸೊಸೈಟಿಯ ಕಂಪೌಂಡಿನಲ್ಲಿ ಮಕ್ಕಳು ಆಟಕ್ಕಿಳಿದರೆ ಸಾಕು, ಚಂದ್ರಿ ದೊಡ್ಡದೊಂದು ಸುತ್ತು ಹಾಕಿ, ಹಿಂದುಳಿದವರ ಹಿಮ್ಮಡಿಗೆ ಮೂತಿ ತಾಗಿಸಿ, ಎಲ್ಲರನ್ನೂ ವಾಚ್‌ಮನ್ ಕೋಣೆಯ ಮೂಲೆಗೆ ತಂದು ಕೂಡಿಹಾಕುತ್ತಿತ್ತು. ಯಾರನ್ನೂ ಕಚ್ಚಿದ್ದಿಲ್ಲ. ಆದರೂ ಮಕ್ಕಳು ಚೀರಿದರು, ತಾಯಂದಿರು ಚೀರಿದರು, ಸೆಕ್ರೆಟರಿ ಬಾಗಿಲಿಗೆ ಬಂದ. ಕೊನೆಗೆ ನಾಯಿ ಪಳಗಿಸುವವನೊಬ್ಬನನ್ನು ಗೊತ್ತುಮಾಡಬೇಕಾಯಿತು.

“ಅಣ್ಣಾ, ಕೇಳಿಲ್ಲಿ… ನಡುವ ಬಾಯಿ ಹಾಕಬ್ಯಾಡ, ಕೇಳು. ಅದು ಅಂಜಿ ಕುಂತಿಲ್ಲ. ಓಡೂದು ಕಣ್ಣಿಗೆ ಬಿದ್ರ ಕುಂದ್ರಬೇಕಂತ ನಾವ ಕಲಿಸೇವಿ. ವೈಶಾಲಿ ಓಡಾಕಿ, ನಾ ‘ಬೈಠ್’ ಅನ್ನಾಕಿ. ಕುಂತ್ರ ಬಿಸ್ಕೀಟು. ದಿನಾ ಸಂಜೀಕ, ಕೆಲಸದಿಂದ ಬಂದು ಚಾ ಸುದ್ದಾ ಕುಡೀದ… ಹೂಂ, ಹಿಂದಿ ಮಾತಿನ್ಯಾಗ. ನಗಬ್ಯಾಡೋ… ನಿನ್ನ ಕೈಯಾಗ ಅದು ಬಿಸ್ಕೀಟ್ ಹುಡಕತಿತ್ತು, ಅಣ್ಣಾ. ನಾ ಶ್ಯಾಣ್ಯಾಕಿ ಅದೀನಿ, ಹೇಳಿದಂಗ ಕುಂತೀನಿ, ಕೊಡು ಅಂತ…”

ಆ ಕಡೆ ನಗು ನಿಂತಿತು. ಗಾಳಿಯ ಸದ್ದಿನ ನಡುವೆ ಅಣ್ಣ ಪದ್ಧತಿಯ ಮಾತು ತೆಗೆದ. ಹಿಂಡನ್ನು ಬಿಟ್ಟುಕೊಟ್ಟ ನಾಯಿಯ ಕುನ್ನಿಯನ್ನು ಕುರಿಗಾರರಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ತಲೆತಲಾಂತರದಿಂದ ಹಾಗೆ ಆರಿಸಿ ಆರಿಸಿ ಬಂದದ್ದರಿಂದಲೇ ಆ ನಾಯಿಗಳು ಹೇಳಿಸಿಕೊಳ್ಳದೆ ಕೆಲಸ ಮಾಡುತ್ತಿದ್ದವು. ಅದು ಸೇವಂತಿಗೂ ಗೊತ್ತು. ಅವಳೂ ರಾತ್ರಿ ಕುರಿ ಕೂಡಿಹಾಕುವ ದಡ್ಡಿಯ ಬಲೆಯ ಮಗ್ಗುಲಲ್ಲೇ ಮಲಗಿ ಬೆಳೆದವಳು.

“ಪದ್ಧತಿ ನನಗ ಹೇಳಬ್ಯಾಡ. ಆದ್ರ ಇದು ರಕ್ತದಾಗಿನ ಕೊರತಿ ಅಲ್ಲ. ಈ ಕುನ್ನಿಗೆ ಬೈಠ್ ಅಂತ ಯಾರ್ ಹೇಳ್ಯಾರ? ಅಪ್ಪ ಮಾಡ್ತಿದ್ನಲ್ಲ, ಕಣ್ಣು ತೆರಿಯೂ ಮೊದಲ ಕುರಿ ನಡುವ ಮಲಗಸ್ತಿದ್ದ, ಹಂಗ ಮಾಡು… ಕಾಕಾ ಒಪ್ಪವಲ್ನಾ? ಫೋನ್ ಅವನ ಕೈಯಾಗ ಕೊಡು… ಯಾಕ? ಅಂವಗ ನನ್ನ ಬಾಯಿ ಅಂದ್ರ ಅಂಜಿಕಿ, ಅಲ್ಲಾ?… ಹೋಗ್ಲಿ, ನೀ ಹೇಳು. ಪ್ಯಾಟ್ಯಾಗ ಕೊಟ್ರ ಇವು ಎಲ್ಲಿಗೆ ಹೋಗ್ತಾವ? ನಮ್ಮಂಥಾ ಬಿಲ್ಡಿಂಗಿಗೇ ಬರ್ತಾವ. ಅಲ್ಲಿ ಇನ್ಯಾರೋ ನನ್ನಂಥಾಕಿ ಕುಂದ್ರಸ್ತಾಳ. ಅಲ್ಲಿಗೆ ಮುಗೀತು, ಮುಂದ ಇಂಥಾ ನಾಯಿ ನಿನಗ ಯಾರ್ ಕೊಡ್ತಾರ?…”

“…ಏನು? ಇನ್ನೊಮ್ಮಿ ಹೇಳು.”

ಅವಳು ಎದ್ದು ನಿಂತಳು. ಆ ಜಾಗದಲ್ಲಿ ಯಾರೋ ಕೂತರು.

“ಇಟ್ಕೋತಿ?… ಖರೇನಾ? ಕಾಕಾಗ ನೀ ಹೇಳ್ತಿ?… ನನ್ನಣ್ಣ… ಹಾಂ?… ಆದ್ರ? ಆದ್ರ ಏನು?…”

“ತಾಯಿ ನೋಡಿ ಕಲೀತಾವ… ಹೌದು… ಬೆನ್ನ ಹಿಂದ ಓಡ್ಯಾಡಿ ಕಲೀತಾವ. ಅದು ಕುಂತ್ರ ಇವೂ…”

ಕುನ್ನಿಗಳನ್ನು ಉಳಿಸಿಕೊಡೆಂದು ಬೇಡಿದವಳು ತಾನೇ. ಅಣ್ಣ ಉಳಿಸಿಕೊಟ್ಟ, ಚಂದ್ರಿಯನ್ನು ಅವುಗಳಿಂದ ಬಿಡಿಸಿ.

“ಚಂದ್ರಿನ್ನ ಯಾವಾಗ ತಿರಗಿ ಒಯ್ಯಲಿ?… ಹಾಲು ಬಿಟ್ಟ ಕೂಡ್ಲೆ. ಹೂಂ. ಐತ್ವಾರ ನೋಡ್ಕೊಂಡು ಬರ್ತೀನಿ… ಇಲ್ಲೋ, ಅಳಾಕತ್ತಿಲ್ಲ, ಗಾಡಿ ಸಪ್ಪಳ… ವೈಶಾಲಿ ಕುಣೀತಾಳ, ಆಕಿಗೇನು. ಸೆಕ್ರೆಟರಿನೂ ಖುಷಿ ಆಗ್ತಾನ, ಪಳಗಿದ ನಾಯಿ ಅಂತ…”

“ಈಗ ಎಲ್ಲೈತಿ ಅದು?… ಕುನ್ನಿ ನೆಕ್ಕಾಕತ್ತೈತಾ? ನೆಕ್ಲಿ… ಬ್ಯಾಡ, ಬ್ಯಾಡ, ಫೋನ್ ಅದರ ಕಿವಿಗೆ ಹಿಡೀಬ್ಯಾಡ. ನನ್ನ ದನಿ ಕೇಳಿದ್ರ ಕುನ್ನಿ ಬಿಟ್ಟು ಎದ್ದು ಹುಡಕತೈತಿ…”

“ಅಣ್ಣಾ, ಇನ್ನೊಂದ್ ಮಾತು. ಅವು ಕಣ್ಣು ತೆರದ ಮ್ಯಾಲೆ, ಮುಂಜಾನೆ ದಡ್ಡಿ ಬಿಚ್ಚಿ ಕುರಿ ಹೊಂಡೂ ಹೊತ್ನಾಗ, ಚಂದ್ರಿನ್ನ ಗುಡಸಲ ಹಿಂದ ಕಟ್ಟು. ಅದು ಕುಂತದ್ದು ಅವು ನೋಡಬಾರ್ದು… ಹಗ್ಗ ಬಿಗೀಬ್ಯಾಡ, ಮೆತ್ತಗ… ಕಟ್ಟೂ ಮುಂದ ಬೈಯಬ್ಯಾಡ ಅದಕ್ಕ, ಅದು ತಪ್ಪು ಏನೂ… ಹಲೋ?… ಅಣ್ಣಾ, ಕೇಳಸ್ತೈತೇನು?… ಹಲೋ?…”